ಹೌದೇನು? ಹೆಂಗ?: ಹರಟೆಯ ಪರವಾಗಿ ಕೆಲವು ಮಾತು

ಪಿಎಚ್.ಡಿ. ಪ್ರವೇಶದ ಸಂದರ್ಶನದಲ್ಲಿ ನನ್ನ ಸಂಶೋಧನೆಯ ವಿಷಯ ಕೇಳಿದರು. ಕನ್ನಡದ ಹರಟೆ ಮತ್ತು ಲಲಿತ ಪ್ರಬಂಧಗಳ ಮೇಲೆ ಕೆಲಸ ಮಾಡಬೇಕೆಂದಿದ್ದೇನೆ ಎಂದೆ. ಮೇಜಿನ ಆಚೆ ಕುಳಿತಿದ್ದವರಲ್ಲಿ ಒಬ್ಬರು ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, “ಹರಟೆ ಹೊಡೆಯೋಕೂ ಈಗ ಫೆಲೋಶಿಪ್ ಕೊಡ್ತಾರೇನಮ್ಮ?” ಎಂದರು. ಎಲ್ಲರೂ ನಕ್ಕರು. ನಾನೂ ನಕ್ಕೆ. ನಗು ಮುಗಿದ ಮೇಲೆ ಗಂಭೀರವಾಗಿ ಏನಾದರೂ ಹೇಳಬೇಕಿತ್ತು, ಹೊಳೆಯಲಿಲ್ಲ. ಹೊರಗೆ ಬಂದು ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ಒಂದು ಯೋಚನೆ ಬಂತು: ಅವರು ಆಡಿದ ಮಾತೇ ಒಂದು ಒಳ್ಳೆಯ ಹರಟೆಯ ಆರಂಭವಾಗಿತ್ತು. ಅದನ್ನು ಮುಂದುವರಿಸಲು ನನಗೆ ಬರಲಿಲ್ಲ, ಅಷ್ಟೇ.

ಈ ಬರಹ ಆ ಉತ್ತರವನ್ನು ತಡವಾಗಿ ಹುಡುಕುವ ಪ್ರಯತ್ನ.

ಮೊದಲು ಹೆಸರಿನ ಮಾತು. ಒಂದೇ ಬರಹಕ್ಕೆ ನಮ್ಮಲ್ಲಿ ಎರಡು ಹೆಸರುಗಳಿವೆ. ಪಠ್ಯಪುಸ್ತಕದಲ್ಲಿ ಅದು ಲಲಿತ ಪ್ರಬಂಧ, ಅರಳಿಕಟ್ಟೆಯಲ್ಲಿ ಹರಟೆ. ಲಲಿತ ಪ್ರಬಂಧ ಎಂದೊಡನೆ ಎ. ಎನ್. ಮೂರ್ತಿರಾವ್, ಗೊರೂರು ರಾಮಸ್ವಾಮಿ ಅಯ್ಯಂಗಾರ್ ನೆನಪಾಗುತ್ತಾರೆ, ಪರೀಕ್ಷೆಯಲ್ಲಿ ಐದು ಅಂಕದ ಟಿಪ್ಪಣಿಯೂ ನೆನಪಾಗುತ್ತದೆ. ಹರಟೆ ಎಂದರೆ ಕೆಲಸವಿಲ್ಲದವರ ಮಾತು. ಅದರ ಹಿಂದೆ ‘ಹೆಂಗಸರ’ ಎಂಬ ಪದ ಸೇರಿಸಿದರಂತೂ ಅದು ಬೈಗುಳವೇ. ಅಡುಗೆಮನೆಯಲ್ಲಿ ನಾಲ್ಕು ಹೆಂಗಸರು ಕೂತು ಯಾವ ಊರಿನ ಬದನೆ ಯಾಕೆ ಕಹಿ ಎಂದು ಮಾತಾಡಿದರೆ ಅದು ಹರಟೆ. ಅದನ್ನೇ ಒಬ್ಬ ಗಂಡಸು ಬರೆದು ಅಚ್ಚು ಹಾಕಿಸಿದರೆ ಲಲಿತ ಪ್ರಬಂಧ. 1942ರಿಂದ 1967ರವರೆಗೆ ರಾಶಿಯವರು ನಡೆಸಿದ ‘ಕೊರವಂಜಿ’ಯಲ್ಲಿ ಟಿ. ಸುನಂದಮ್ಮನವರು ಬರೆಯದೆ ಹೋಗಿದ್ದರೆ ಆ ಕಾಲದ ಅಚ್ಚಿನ ನಗೆಯಲ್ಲಿ ಅಡುಗೆಮನೆಯ ಧ್ವನಿ ಎಷ್ಟು ಕೇಳಿಸುತ್ತಿತ್ತೋ ಅನುಮಾನ.

ನಮ್ಮ ವಿಮರ್ಶೆ ಹರಟೆಯನ್ನು ಸಾಮಾನ್ಯವಾಗಿ ಶೈಲಿಯ ಅಂಗಡಿಯಲ್ಲಿಟ್ಟು ತೂಗುತ್ತದೆ. ಆತ್ಮೀಯತೆ, ತಿಳಿಹಾಸ್ಯ, ಲಘುತ್ವ ಎಂಬ ಮೂರು ಪದಗಳನ್ನು ಬರೆದರೆ ಕೆಲಸ ಮುಗಿಯಿತು. ಹರಟೆಗೆ ತಿಳಿವಳಿಕೆಯೊಂದಿಗೆ ಏನು ಸಂಬಂಧ ಎಂಬ ಪ್ರಶ್ನೆ ಅಲ್ಲಿ ಬರುವುದು ಕಡಿಮೆ. ಆದರೆ ಕನ್ನಡದ ಒಳ್ಳೆಯ ಹರಟೆಗಳಲ್ಲಿ ಒಂದು ದೊಡ್ಡ ಪಾಲು ವಿಚಿತ್ರ ಸಂಗತಿಗಳ ಮೇಲೆ ನಿಂತಿದೆ. ದಿನವೂ ಕಣ್ಣೆದುರು ಇರುವ, ಆದರೆ ಯಾರೂ ನಿಂತು ನೋಡದ ಸಂಗತಿಗಳು ಅವು. ಈ ಹರಟೆ ‘ಅರೆ, ಹೌದಲ್ಲ!’ ಅನ್ನಿಸುತ್ತದೆ. ನನ್ನ ಆಸಕ್ತಿ ಇರುವುದು ಅದರಲ್ಲಿ.

*

ನಾನು ಹಾವೇರಿ ಜಿಲ್ಲೆಯವಳು. ಅಪ್ಪ ಮೆಣಸಿನಕಾಯಿ ಮತ್ತು ಗೋವಿನಜೋಳ ಬೆಳೆಯುವ ರೈತ. ಬ್ಯಾಡಗಿ ಮಾರುಕಟ್ಟೆಯ ಘಾಟು ಕುಡಿದೇ ಬೆಳೆದದ್ದು ನಾನು. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಹೆಚ್ಚು. ಕಡ್ಡಿ ಎಂದು ಒಂದು ಜಾತಿ, ಡಬ್ಬಿ ಎಂದು ಇನ್ನೊಂದು. ಅದರ ಕೆಂಪು ಬಣ್ಣ ಲಿಪ್‌ಸ್ಟಿಕ್ಕಿಗೂ ಹೋಗುತ್ತದೆ ಎಂದು ಅಪ್ಪ ಬಂದವರಿಗೆಲ್ಲ ಹೇಳುವರು. 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಅಂದರೆ ಈ ಹೆಸರು ಈ ಸೀಮೆಯದೇ ಎಂದು ಸರ್ಕಾರದ ಮೊಹರು ಬಿತ್ತು.

ಮೈಸೂರಿಗೆ ಓದಲು ಬಂದ ಹೊಸತರಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ತಿಥಿಯ ಊಟಕ್ಕೆ ಕೂತಿದ್ದೆ. ಬಾಳೆಕಾಯಿ ಪಲ್ಯ, ಹಾಗಲಕಾಯಿ, ಸಾರು. ಯಾವುದರಲ್ಲೂ ಮೆಣಸಿನಕಾಯಿ ಇಲ್ಲ, ಕರಿಮೆಣಸಿನ ಖಾರ ಮಾತ್ರ. ಟೊಮೆಟೊ ಇಲ್ಲ, ಆಲೂಗಡ್ಡೆ ಇಲ್ಲ. ಬ್ಯಾಡಗಿಯ ಬಾಯಿ ಸುಮ್ಮನಿರದೆ, “ಅಜ್ಜಿ, ಒಂದು ಮೆಣಸಿನಕಾಯಿನೂ ಹಾಕೋ ಹಾಗಿಲ್ವಾ?” ಎಂದು ಕೇಳಿದೆ. ಗೆಳತಿಯ ಅಜ್ಜಿ ಹೇಳಿದರು: “ಅದು ಸೀಮೇದು ಕಣಮ್ಮ. ಪಿತೃಗಳಿಗೆ ಗೊತ್ತೇ ಇಲ್ಲದ್ದನ್ನ ಹೇಗೆ ಬಡಿಸೋದು?”

ಎಲೆಯ ಮುಂದೆ ತಲೆ ತಗ್ಗಿಸಿ ಒಳಗೊಳಗೇ ನಕ್ಕೆ. ಮಡಿ ಮೈಲಿಗೆಯ ಹಳೇ ಕಂತೆ ಎಂದುಕೊಂಡೆ. ಕೆಲವು ತಿಂಗಳ ನಂತರ ಗ್ರಂಥಾಲಯದಲ್ಲಿ ಬಿ. ಜಿ. ಎಲ್. ಸ್ವಾಮಿಯವರ ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ ಕೈಗೆ ಸಿಕ್ಕಿತು. ನಮ್ಮ ಅಡುಗೆಮನೆಯನ್ನು ಆಳುತ್ತಿರುವ ಎಷ್ಟೋ ಕಾಯಿ, ಹಣ್ಣು, ಗಡ್ಡೆಗಳು ಕಡಲಾಚೆಯಿಂದ ಬಂದವು ಎಂಬುದನ್ನು ಆ ಪುಸ್ತಕ ನಗುನಗುತ್ತ ಹೇಳುತ್ತದೆ. ಓದಿದಾಗ ಅಜ್ಜಿಯ ಮಾತು ನೆನಪಾಗಿ ನಾಚಿಕೆಯಾಯಿತು. ಅವರು ಆಡಿದ್ದು ಇತಿಹಾಸದ ಮಾತು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಕೊಲಂಬಸ್ ಅಲ್ಲಿಗೆ ಮುಟ್ಟಿದ್ದು 1492ರಲ್ಲಿ, ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಆ ಹಡಗುಗಳ ದಾರಿ ತೆರೆದ ಮೇಲೆಯೇ ಈ ಕಾಯಿ ನಮ್ಮ ಕಡಾಯಿಗೆ ಬಿದ್ದದ್ದು. 11ನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದಲ್ಲಾಗಲಿ, 16ನೆಯ ಶತಮಾನದ ಆರಂಭದ ಮಂಗರಸನ ‘ಸೂಪಶಾಸ್ತ್ರ’ದಲ್ಲಾಗಲಿ ಅಡುಗೆಯ ಮಾತು ಬೇಕಾದಷ್ಟಿದೆ, ಮೆಣಸಿನಕಾಯಿ ಸಿಗದು. ಸತ್ತವರ ನಾಲಿಗೆಯ ಮೇಲೆ ಗೌರವವಿಟ್ಟು ಒಂದು ಅಡುಗೆಮನೆ ನಾಲ್ಕು ಶತಮಾನ ಒಂದು ದಾಖಲೆಯನ್ನು ಕಾಪಾಡಿಕೊಂಡು ಬಂದಿದೆ. ಅದನ್ನು ನಾನು ಮೂಢನಂಬಿಕೆಯ ಲೆಕ್ಕಕ್ಕೆ ಬರೆದುಕೊಂಡಿದ್ದೆ.

ಹೆಸರುಗಳೂ ಇದನ್ನೇ ಹೇಳುತ್ತವೆ, ಕೇಳಿಸಿಕೊಳ್ಳುವವರಿದ್ದರೆ. ಮೆಣಸು ಎಂದರೆ ಮೊದಲು ಕರಿಮೆಣಸೇ. ಹೊಸ ಕಾಯಿಯೂ ಖಾರವಾಗಿತ್ತು, ಆದ್ದರಿಂದ ಅದು ‘ಮೆಣಸಿನ ಕಾಯಿ’ ಆಯಿತು. ಆಮೇಲೆ ಹೊಸಬನ ದರ್ಬಾರು ಎಷ್ಟು ಜೋರಾಯಿತೆಂದರೆ ಹಳೆಯ ಮೆಣಸೇ ತನ್ನ ಗುರುತಿಗೆ ‘ಕರಿ’ ಎಂದು ಸೇರಿಸಿಕೊಳ್ಳಬೇಕಾಯಿತು. ತಮಿಳಿನ ಮಿಳಗು ಮಿಳಗಾಯ್‌ಗೆ, ತೆಲುಗಿನ ಮಿರಿಯಾಲು ಮಿರಪಕಾಯಿಗೆ ದಾರಿ ಕೊಟ್ಟದ್ದೂ ಹೀಗೇ. ತಮಾಷೆಯೆಂದರೆ ಕರಿಮೆಣಸು ಹುಡುಕಿಕೊಂಡು ಹೊರಟ ಕೊಲಂಬಸನ ಕಡೆಯವರೂ ಇದೇ ತಪ್ಪು ಮಾಡಿದರು. ಇಂಗ್ಲಿಷಿನವರು ಇಂದಿಗೂ ಎರಡಕ್ಕೂ ಪೆಪ್ಪರ್ ಎನ್ನುತ್ತಾರೆ. ಒಬ್ಬರನ್ನೊಬ್ಬರು ಕಂಡಿರದ ಎರಡು ದಿಕ್ಕಿನ ಜನ ಒಂದೇ ಕಾಯಿಯನ್ನು ಬಾಯಿಗೆ ಹಾಕಿಕೊಂಡು ಒಂದೇ ಹೆಸರು ಕೂಗಿದ್ದಾರೆ.

ಇದೊಂದೇ ಅಲ್ಲ. ಮೈಸೂರಿನವರು ಬೀನ್ಸನ್ನು ಹುರುಳಿಕಾಯಿ ಅನ್ನುತ್ತಾರೆ; ಹುರುಳಿಗೂ ಅದಕ್ಕೂ ಏನೂ ಸಂಬಂಧವಿಲ್ಲ. ನಾವು ಶೇಂಗಾ ಅನ್ನುವುದನ್ನು ಅವರು ಕಡಲೆಕಾಯಿ ಅನ್ನುತ್ತಾರೆ. ಅದು ಹಳೆಯ ಕಡಲೆಯಿಂದ ಎರವಲು ತಂದ ಹೆಸರು. ಪರಂಗಿಹಣ್ಣು ತನ್ನ ಫರಂಗಿ ಮೂಲವನ್ನು ಮುಚ್ಚಿಟ್ಟೇ ಇಲ್ಲ. ಸೀಮೆಬದನೆ ಕೂಡ ‘ನಾನು ಹೊರಗಿನವನು’ ಎಂದು ಹೇಳಿಕೊಂಡೇ ಒಳಗೆ ಬಂದಿದೆ. ಇವೆಲ್ಲಕ್ಕಿಂತ ಚಾಲೂಕು ಸೀತಾಫಲ. ಅಮೆರಿಕದಿಂದ ಬಂದು ಸೀದಾ ರಾಮಾಯಣದೊಳಗೆ ಮನೆ ಮಾಡಿತು, ಪಕ್ಕದಲ್ಲಿ ರಾಮಫಲಕ್ಕೂ ಜಾಗ ಕೊಡಿಸಿತು. ಇನ್ನು ಹುಣಸೆಯ ಕತೆ ತಿರುವುಮುರುವು. ಅದರ ತವರು ಆಫ್ರಿಕ. ಆದರೆ ಇಲ್ಲಿ ಎಷ್ಟು ಹಿಂದೆಯೇ ಬೇರೂರಿತೆಂದರೆ ಅರಬರು ಅದನ್ನು ‘ಹಿಂದೂಸ್ಥಾನದ ಖರ್ಜೂರ’ ಎಂದು ಕರೆದರು. ಟ್ಯಾಮರಿಂಡ್ ಎಂಬ ಪದ ಅದರಿಂದಲೇ ಬಂದದ್ದು. ನಾವು ರಸಂ ಎನ್ನುವ ಅಚ್ಚ ದೇಶೀ ಸಾರಿನಲ್ಲಿ ಆಫ್ರಿಕದ ಹುಳಿ, ಅಮೆರಿಕದ ಖಾರ!

ಇಷ್ಟು ಬರೆದು ನಿಲ್ಲಿಸಿದರೆ ಇದೂ ಒಂದು ‘ನಿಮಗಿದು ಗೊತ್ತೇ?’ ಆಗುತ್ತದೆ. ಈ ಬಗೆಯ ಸಂಗತಿಗಳು ಸಾಹಿತ್ಯವಾಗುವುದು ಯಾವಾಗ? ಇಲ್ಲಿಂದ ವಿಮರ್ಶೆಯ ಕೆಲಸ ಶುರು.

*

ಸ್ವಾಮಿಯವರದು (1918–1980) ವಿಚಿತ್ರ ಜಾತಕ. ಡಿವಿಜಿಯವರ ಮಗ, ಹಾರ್ವರ್ಡಿನಲ್ಲಿ ಸಂಶೋಧನೆ ಮಾಡಿದ ಸಸ್ಯವಿಜ್ಞಾನಿ, ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕ, ಪ್ರಿನ್ಸಿಪಾಲ. ಕನ್ನಡದ ಊರಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದವರಲ್ಲ. ತಮಿಳುನಾಡಿನಲ್ಲಿ ಕೂತು ಸಸ್ಯಗಳ ಪಾಠ ಮಾಡುತ್ತ ಕನ್ನಡದಲ್ಲಿ ಬರೆದವರು. ಪುಸ್ತಕಗಳಿಗೆ ಚಿತ್ರಗಳನ್ನೂ ತಾವೇ ಬರೆದುಕೊಂಡರು. ವಿದ್ಯಾರ್ಥಿಗಳನ್ನು ಕಟ್ಟಿಕೊಂಡು ಕಾಡು ಸುತ್ತಿದ ಕಥನ ‘ಹಸುರು ಹೊನ್ನು’ವಿಗೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹನ್ನೊಂದು ವರ್ಷ ಹಿಂದೆ, 1967ರಲ್ಲಿ, ಅದೇ ಪ್ರಶಸ್ತಿ ತಂದೆಗೆ ಬಂದಿತ್ತು. ಅಪ್ಪನಿಗೆ ಗೀತೆಯ ವ್ಯಾಖ್ಯಾನಕ್ಕೆ, ಮಗನಿಗೆ ಗಿಡಮರದ ಹರಟೆಗೆ.

‘ಹಸುರು ಹೊನ್ನು’ವಿನಲ್ಲಿ ಒಂದು ಗಿಡದ ವಿಷಯ ನಮಗೆ ಒಬ್ಬರೇ ಕೂತು ಓದುವ ಟಿಪ್ಪಣಿಯಂತೆ ಸಿಗುವುದಿಲ್ಲ. ಅಲ್ಲಿ ಪ್ರಯಾಣ ಇದೆ, ಹಸಿವು ಇದೆ, ತುಂಟ ಹುಡುಗರು ಇದ್ದಾರೆ, ಮೇಷ್ಟ್ರ ಕಾಲೆಳೆಯುವ ಮಾತುಗಳಿವೆ. ಈ ಗದ್ದಲದ ನಡುವೆ ಗಿಡವೊಂದು ಎದುರಾಗುತ್ತದೆ. ಯಾರೋ ಏನೋ ಕೇಳುತ್ತಾರೆ. ಆ ಗಿಡಕ್ಕೆ ಶಾಸ್ತ್ರದ ಹೆಸರೂ ಬರುತ್ತದೆ, ಊರವರ ಹೆಸರೂ ಬರುತ್ತದೆ, ಹಳೆಯ ಕಾವ್ಯದಲ್ಲಿ ಅದು ಎಲ್ಲಿ ಕಾಣಿಸಿಕೊಂಡಿತ್ತು ಎಂಬುದೂ ಬರುತ್ತದೆ. ಓದುಗನಿಗೆ ಗಿಡದ ವಿಷಯ ತಿಳಿಯುವುದರ ಜೊತೆಗೆ ಅದು ತಿಳಿದದ್ದು ಹೇಗೆ ಎಂಬುದೂ ತಿಳಿಯುತ್ತದೆ. ಸಂಗತಿಗೆ ಒಂದು ಸನ್ನಿವೇಶವಿದೆ, ಸಾಕ್ಷಿಯಿದೆ, ಅದನ್ನು ಕೇಳಿದ ಒಂದು ಬಾಯಿಯೂ ಇದೆ. ಇವರೇ ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕವನ್ನೂ ಬರೆದವರು ಎಂಬುದನ್ನು ಮರೆಯಬಾರದು. ಆ ಹಗುರ ಮಾತಿನ ಬೆನ್ನಿಗೆ ಕಲ್ಲುಗಳನ್ನು ಓದಿದ ದುಡಿಮೆ ಇತ್ತು. ಹಗುರ ಎಂದರೆ ಟೊಳ್ಳು ಅಲ್ಲ. ಹೊರೆಯನ್ನು ಓದುಗನ ತಲೆಗೆ ದಾಟಿಸದೆ ತಾನೇ ಹೊತ್ತು ನಡೆಯುವುದು.

ಇನ್ನೊಬ್ಬರು ಹುಬ್ಬಳ್ಳಿಯ ‘ಕಸ್ತೂರಿ’ಯನ್ನು ಬಹುಕಾಲ ಸಂಪಾದಿಸಿದ ಪಾ. ವೆಂ. ಆಚಾರ್ಯರು. ನಮ್ಮ ಮನೆಯ ಅಟ್ಟದ ಮೇಲೆ ಗೆದ್ದಲು ಉಳಿಸಿದ ಹಳೆಯ ಕಸ್ತೂರಿಗಳು ಈಗಲೂ ಇವೆ. ಅವರು ಹರಟೆಗೆ ಇಟ್ಟುಕೊಂಡ ಹೆಸರು ‘ಲಾಂಗೂಲಾಚಾರ್ಯ’. ಲಾಂಗೂಲ ಎಂದರೆ ಬಾಲ. ಬೋಧಿಸುವ ಮೊದಲು ಆಚಾರ್ಯ ತನಗೇ ಒಂದು ಬಾಲ ಅಂಟಿಸಿಕೊಂಡು ನಿಂತಂತಾಯಿತು. ಪದಗಳ ಹುಟ್ಟು, ನಂಟು, ವಲಸೆಗಳ ಬಗ್ಗೆ ಅವರು ಬರೆದದ್ದು ‘ಪದಾರ್ಥ ಚಿಂತಾಮಣಿ’. ಪದಾರ್ಥ ಎಂದರೆ ಪದದ ಅರ್ಥ, ವಸ್ತು ಕೂಡ ಪದಾರ್ಥ, ಕರಾವಳಿಯ ಊಟದೆಲೆಯಲ್ಲಂತೂ ಅನ್ನದ ಜೊತೆಗಿನ ಮೇಲೋಗರವೇ ಪದಾರ್ಥ. ಉಡುಪಿಯ ಕಡೆಯವರಾದ ಪಾವೆಂ ಅವರ ಕಿವಿಗೆ ಈ ಮೂರನೆಯ ಅರ್ಥ ಬೀಳದೆ ಇರಲಿಲ್ಲ ಎಂದು ನನ್ನ ಊಹೆ. ಪದ, ವಸ್ತು, ಅಡುಗೆ ಮೂರನ್ನೂ ಒಂದೇ ತಟ್ಟೆಗೆ ಬಡಿಸುವ ಹೆಸರು ಅದು. ಹರಟೆ ಮಾಡುವ ಕೆಲಸವೂ ಅದೇ.

ಈ ಇಬ್ಬರನ್ನೂ ನಾನು ಮೆಚ್ಚುವುದು ಅವರ ಜ್ಞಾನಕ್ಕೆ ಮಾತ್ರ ಅಲ್ಲ. ಎದುರಿನವನಿಗೆ ಗೊತ್ತಿಲ್ಲದ್ದನ್ನು ಹೇಳುವುದು ಒಂದು ಬಗೆಯ ಅಧಿಕಾರ. ಗೊತ್ತಿರುವವನು ಮೇಲೆ, ಗೊತ್ತಿಲ್ಲದವನು ಕೆಳಗೆ. ಕ್ವಿಜ್ ಈ ಮೇಲು-ಕೆಳಗಿನ ಆಟ: ಉತ್ತರ ಬಂತು, ಗಂಟೆ ಹೊಡೆಯಿತು, ಮಾತು ಮುಗಿಯಿತು. ಹರಟೆ ಆ ಏಣಿಯನ್ನು ಪಕ್ಕಕ್ಕೆ ಸರಿಸುತ್ತದೆ. ಹೇಳುವವನು ಮೊದಲು ತನ್ನನ್ನು ತಾನೇ ನಗೆಗೀಡು ಮಾಡಿಕೊಳ್ಳುತ್ತಾನೆ. ಅದರಿಂದ ಕೇಳುವವನಿಗೆ ‘ಹೌದೇನು? ಹೆಂಗ?’ ಎಂದು ಕೇಳುವ ಧೈರ್ಯ ಬರುತ್ತದೆ.

ಇದನ್ನು ಹರಟೆ ಯಾವಾಗಲೂ ಪಾಲಿಸುತ್ತದೆ ಎಂದೇನೂ ಅಲ್ಲ. ಸ್ವಾಮಿಯವರ ‘ತಮಿಳು ತಲೆಗಳ ನಡುವೆ’ಯನ್ನು ಓದುವಾಗ ನನಗೆ ಒಂದು ಇರುಸುಮುರುಸು ಇದ್ದೇ ಇದೆ. ತಮ್ಮ ಭಾಷೆಯ ಪ್ರಾಚೀನತೆಯನ್ನು ಎಳೆದು ಎಳೆದು ಉದ್ದ ಮಾಡುವವರನ್ನು ಅಲ್ಲಿ ಅವರು ಆಧಾರಗಳನ್ನಿಟ್ಟು ಚುಚ್ಚುತ್ತಾರೆ. ಆಧಾರಗಳ ವಾದ ಆಧಾರಗಳ ಮಟ್ಟದಲ್ಲಿ ನಡೆಯಲಿ. ಆದರೆ ಆ ನಗೆ ‘ಹಸುರು ಹೊನ್ನು’ವಿನ ನಗೆಯಲ್ಲ. ಇಲ್ಲಿ ನಗುವವರು ಒಂದು ಕಡೆ, ನಗೆಗೀಡಾದವರು ಇನ್ನೊಂದು ಕಡೆ. ಕನ್ನಡದ ಓದುಗರಿಗೆ ಅದು ಖುಷಿ ಕೊಡುವುದು ಸುಲಭ, ಏಕೆಂದರೆ ಬಾಣ ಬೀಳುವುದು ಪಕ್ಕದ ಮನೆಯ ಅಂಗಳಕ್ಕೆ. ನಮ್ಮ ಅಂಗಳದಲ್ಲೂ ಅಂಥವೇ ಪ್ರಾಚೀನತೆಯ ಹಪಾಹಪಿಗಳಿವೆ. ಸಂಗತಿ ಆಯುಧವಾದ ಕೂಡಲೇ ಹರಟೆ ತನ್ನ ಗುಣ ಬಿಡುತ್ತದೆ, ಬರೆಯುವವರು ಎಷ್ಟೇ ದೊಡ್ಡವರಾಗಿರಲಿ.

ಎರಡನೆಯ ತಕರಾರು ಇನ್ನೂ ಆಳದ್ದು. ಮೆಣಸಿನಕಾಯಿ ಕಡಲು ದಾಟಿ ಬಂದ ಕತೆ ರುಚಿಯಾಗಿದೆ. ಆದರೆ ಆ ಪೋರ್ಚುಗೀಸ್ ಹಡಗುಗಳು ಕಾಯಿ, ಹಣ್ಣು, ಬೀಜಗಳನ್ನು ಮಾತ್ರ ಹೊತ್ತಿರಲಿಲ್ಲ. ಆಫ್ರಿಕದಿಂದ ಹಿಡಿದು ತಂದ ಮನುಷ್ಯರನ್ನೂ ಗೋವೆಯ ಬಂದರಿಗೆ ಇಳಿಸಿದವು. ಗುಲಾಮಗಿರಿಯಿಂದ ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇಂದು ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿಗಳಾಗಿ ಬಾಳುತ್ತಿದ್ದಾರೆ. ಕೊಂಕಣಿ, ಕನ್ನಡ ಮಾತಾಡುತ್ತಾರೆ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಅದೇ ಹಡಗಿನಲ್ಲಿ ಬಂದ ಕಾಯಿಗೆ ನಮ್ಮೂರಿನ ಹೆಸರಿಟ್ಟು ಮೊಹರು ಒತ್ತಿದ್ದೇವೆ. ಸಿದ್ದಿ ಹುಡುಗನೊಬ್ಬ ಬೆಂಗಳೂರಿನ ಬಸ್ಸು ಹತ್ತಿದರೆ ‘ನೀನು ಯಾವ ದೇಶದವನು?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತೇವೆ. ಮೆಣಸಿನಕಾಯಿಯನ್ನು ಯಾರೂ ಹಾಗೆ ಕೇಳುವುದಿಲ್ಲ. ಕಾಯಿ ಹಣ್ಣುಗಳ ವಲಸೆಯನ್ನು ಹೇಳಿ ನಗಿಸಿದ ಹರಟೆ ಈ ಬಾಗಿಲಿನ ತನಕ ಬಂದು ಹಿಂದಿರುಗುತ್ತದೆ. ಲಘುತ್ವಕ್ಕೆ ಇದು ದಾಟಲಾರದ ಹೊಸ್ತಿಲು ಎಂದು ನಾನು ಒಪ್ಪುವುದಿಲ್ಲ. ‘ನಮ್ಮ ಹೊಟ್ಟೆಯಲ್ಲಿ’ ಎಂದು ಹೇಳಲು ಬಂದ ಭಾಷೆಗೆ ‘ನಮ್ಮ ನಡುವೆ’ ಎಂದು ಹೇಳಲೂ ಬರಬೇಕು. ಆ ಹರಟೆಯನ್ನು ಇನ್ನು ಯಾರಾದರೂ ಬರೆಯಬೇಕಾಗಿದೆ.

*

ಈಗ ನನ್ನ ಮನೆಯ ಕತೆ. ಕಳೆದ ವರ್ಷ ಅಪ್ಪ ಮನೆಯ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಕಳಿಸಿದರು. ಸೋಮನಾಥಪುರದ ಗುಡಿಯ ಶಿಲ್ಪ. ದೇವತೆಯೊಬ್ಬಳ ಕೈಯಲ್ಲಿ ಉದ್ದನೆಯ, ಕಾಳು ಕಾಳಾಗಿ ಕಾಣುವ ಏನೋ ಒಂದು. ಅದಕ್ಕೆ ಕೆಂಪು ವರ್ತುಲ. ಕೆಳಗೆ: ‘ನಿಮಗಿದು ಗೊತ್ತೇ? ಕೊಲಂಬಸ್ ಹುಟ್ಟುವ ಮೊದಲೇ ನಮ್ಮ ಪೂರ್ವಜರು ಮೆಕ್ಕೆಜೋಳ ಬೆಳೆಯುತ್ತಿದ್ದರು! ಹತ್ತು ಜನರಿಗೆ ಕಳಿಸಿ.’

ಆಗಷ್ಟೇ ಇವನ್ನೆಲ್ಲ ಓದಿಕೊಂಡಿದ್ದ ನಾನು ಎರಡೇ ನಿಮಿಷದಲ್ಲಿ ಉತ್ತರ ಬರೆದೆ: “ಇದು ಸುಳ್ಳು. ಅದು ಮುಕ್ತಾಫಲ. ಇಂಥವೆಲ್ಲಾ ಕಳಸಬ್ಯಾಡ ಅಪ್ಪಾ.” ಜೊತೆಗೊಂದು ಇಂಗ್ಲಿಷ್ ಲೇಖನದ ಕೊಂಡಿ. ಅಪ್ಪನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ನೀಲಿ ಗೆರೆ ಎರಡು ಬಿದ್ದವು. ಉತ್ತರ ಬರಲಿಲ್ಲ. ಮುಂದಿನ ಹದಿನೈದು ದಿನ ಫೋನಿನಲ್ಲಿ ಅವ್ವನೇ ಮಾತಾಡಿದಳು, “ನಿಮ್ಮಪ್ಪ ಹೊಲಕ್ಕ ಹೋಗ್ಯಾರ” ಎನ್ನುತ್ತ.

ಹರಟೆಯ ಬಗ್ಗೆ ಸಂಶೋಧನೆ ಮಾಡುವವಳು ನಾನು. ಮನೆಯಲ್ಲಿ ಮಾಡಿದ್ದು ಗಂಟೆ ಹೊಡೆಯುವ ಕೆಲಸ.

ಆಮೇಲೆ ಸಂಕಟಕ್ಕೆ ಕೂತು ಹುಡುಕಿದೆ. ನನ್ನ ಉತ್ತರವೂ ಪೂರ್ತಿ ಸರಿಯಿರಲಿಲ್ಲ. ಆ ಮಾತು ಯಾರೋ ಪುಂಡರು ಹುಟ್ಟಿಸಿದ ಸುಳ್ಳಾಗಿರಲಿಲ್ಲ. 1989ರಲ್ಲಿ ಕಾರ್ಲ್ ಜೊಹಾನ್ಸೆನ್ ಮತ್ತು ಆ್ಯನ್ ಪಾರ್ಕರ್ ಎಂಬ ಇಬ್ಬರು ಅಮೆರಿಕದ ವಿದ್ವಾಂಸರು ‘ಎಕನಾಮಿಕ್ ಬಾಟನಿ’ ಎಂಬ ಪತ್ರಿಕೆಯಲ್ಲಿ ಪ್ರತಿಪಾದಿಸಿದ ವಿಚಾರ ಅದು. ಹೊಯ್ಸಳ ಶಿಲ್ಪಗಳ ಕೈಯಲ್ಲಿರುವುದು ಮೆಕ್ಕೆಜೋಳದ ತೆನೆ, ಆದ್ದರಿಂದ ಕೊಲಂಬಸನಿಗೆ ಮೊದಲೇ ಕಡಲ ಸಂಪರ್ಕ ಇದ್ದಿರಬೇಕು ಎಂಬುದು ಅವರ ವಾದ. 1268ರ ಗುಡಿ, 1492ರ ಕೊಲಂಬಸ್. ನಡುವೆ 224 ವರ್ಷ. 1993ರಲ್ಲಿ ಅದೇ ಪತ್ರಿಕೆಯಲ್ಲಿ ಭಾರತದ ಪಾಯಕ್ ಮತ್ತು ಸಾಚನ್ ಇದಕ್ಕೆ ಉತ್ತರ ಕೊಟ್ಟರು: ಅದು ಜೋಳವಲ್ಲ, ಮುತ್ತುಗಳಿಂದಾದ ಕಲ್ಪನೆಯ ಹಣ್ಣು, ಮುಕ್ತಾಫಲ. ನನಗೂ ಅವರ ಮಾತೇ ಸರಿ ಎನ್ನಿಸುತ್ತದೆ. ಒಂದು ಬೆಳೆ ಊರಿಗೆ ಬಂದರೆ ಕಲ್ಲಿನಲ್ಲಿ ಮಾತ್ರ ಬರುವುದಿಲ್ಲ. ಹೊಲಕ್ಕೆ, ಕಣಕ್ಕೆ, ತೆರಿಗೆಯ ಪಟ್ಟಿಗೆ, ಗಾದೆಗೆ, ಬೈಗುಳಕ್ಕೂ ಬರುತ್ತದೆ. ಭತ್ತ, ಜೋಳ, ರಾಗಿಗಳು ಹಾಗೆ ಬಂದಿವೆ. ಅಲ್ಲದೆ ಮುಸುಕಿನ ಜೋಳ, ಮೆಕ್ಕೆಜೋಳ, ಗೋವಿನಜೋಳ ಈ ಎಲ್ಲ ಹೆಸರುಗಳೂ ಮೊದಲೇ ಇದ್ದ ಜೋಳದ ಹೆಗಲ ಮೇಲೆ ಕೂತಿವೆ, ಮೆಣಸಿನ ಹೆಗಲ ಮೇಲೆ ಮೆಣಸಿನಕಾಯಿ ಕೂತ ಹಾಗೆ.

ಆದರೆ ನನ್ನನ್ನು ಕಾಡಿದ್ದು ಬೇರೆ. ಅಪ್ಪ ಆ ಚಿತ್ರವನ್ನು ಕಳಿಸಿದ್ದು ಯಾಕೆ? ಕೊಲಂಬಸನನ್ನು ಸೋಲಿಸಲಿಕ್ಕಲ್ಲ. ಮೂವತ್ತು ವರ್ಷದಿಂದ ತಾನು ಬೆಳೆದ, ದರ ಬಿದ್ದಾಗ ಬೈದ, ಮಳೆಗೆ ಮೊಳಕೆಯೊಡೆದಾಗ ತಲೆಯ ಮೇಲೆ ಕೈ ಹೊತ್ತು ಕೂತ ಬೆಳೆಯನ್ನು ಒಬ್ಬ ದೇವತೆ ಕೈಯಲ್ಲಿ ಹಿಡಿದಿದ್ದಾಳೆ ಎಂಬ ಖುಷಿಗೆ. ಆ ಖುಷಿಯನ್ನು ಯಾರೋ ಹತ್ತು ಜನರಿಗೆ ಕಳಿಸುವ ಹೆಮ್ಮೆಯಾಗಿ ಮಾರಿದ್ದರು. ನಾನು ಹೆಮ್ಮೆಯ ಜೊತೆಗೆ ಖುಷಿಯನ್ನೂ ಕತ್ತರಿಸಿ ಎಸೆದಿದ್ದೆ. ‘ನಿಮಗಿದು ಗೊತ್ತೇ?’ ಎಂಬುದು ಪ್ರಶ್ನೆಯ ವೇಷದ ಘೋಷಣೆ. ನನ್ನ ‘ಇದು ಸುಳ್ಳು’ ಕೂಡ ಇನ್ನೊಂದು ಘೋಷಣೆ. ಎರಡರಲ್ಲೂ ಕೇಳುವವರಿಗೆ ಬಾಯಿಲ್ಲ. ಸುಳ್ಳು ಸುದ್ದಿಗೆ ಸತ್ಯಸಂಗತಿಯೇ ಮದ್ದು ಎನ್ನುತ್ತೇವೆ. ಆ ಮದ್ದು ಯಾವ ದನಿಯಲ್ಲಿ ಬರುತ್ತದೆ ಎಂಬುದೂ ಮುಖ್ಯ ಎನ್ನುವುದನ್ನು ನಾನು ಕಲಿತದ್ದು ಯಾವ ಸಿದ್ಧಾಂತದಿಂದಲೂ ಅಲ್ಲ, ಲಾಂಗೂಲಾಚಾರ್ಯರ ಬಾಲದಿಂದ.

ಸಂದರ್ಶನದಲ್ಲಿ ನನಗೆ ಹೊಳೆಯದ ಉತ್ತರ ಬಹುಶಃ ಇದು. ಹೌದು ಸರ್, ಹರಟೆ ಹೊಡೆಯುವುದಕ್ಕೂ ಫೆಲೋಶಿಪ್ ಕೊಡಬೇಕು. ತಪ್ಪಿದ್ದರೂ ಮುಖ ಉಳಿಸಿಕೊಂಡು ಮನಸ್ಸು ಬದಲಿಸಲು ಜಾಗ ಕೊಡುವ ಮಾತು ನಮ್ಮಲ್ಲಿ ಕಡಿಮೆಯಾಗುತ್ತಿದೆ. ಕನ್ನಡಕ್ಕೆ ಅದು ಬರುತ್ತಿತ್ತು. ಅದು ಹೇಗೆ ಬರುತ್ತಿತ್ತು ಎಂದು ಬಿಡಿಸಿ ನೋಡುವುದು ವಿಮರ್ಶೆಯ ಕೆಲಸವೇ.

*

ದಸರೆಗೆ ಅಪ್ಪ ಅವ್ವ ಮೈಸೂರಿಗೆ ಬಂದರು. ಜಂಬೂಸವಾರಿಯ ಮರುದಿನ ಮೂವರೂ ಸೋಮನಾಥಪುರಕ್ಕೆ ಹೋದೆವು. ನಾನು ಏನೂ ಹೇಳಬಾರದೆಂದು ನಿರ್ಧರಿಸಿದ್ದೆ. ಅಪ್ಪ ಗುಡಿಯ ಹೊರಗೋಡೆಯನ್ನು ನಿಧಾನವಾಗಿ ಸುತ್ತಿದರು, ಮಾರುಕಟ್ಟೆಯಲ್ಲಿ ಚೀಲ ಬಿಚ್ಚಿ ಮಾಲು ನೋಡುವವರಂತೆ. ಒಂದು ಶಿಲ್ಪದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ನನ್ನ ಫೋನು ಇಸಿದುಕೊಂಡು ಚಿತ್ರ ತೆಗೆದು ದೊಡ್ಡದು ಮಾಡಿದರು.

“ತೆನಿ ಹಂಗ ಐತಿ ನೋಡು” ಎಂದರು.

“ಹೌದಪಾ, ಹಂಗ ಕಾಣತೈತಿ” ಎಂದೆ. ಸುಳ್ಳಾಡಲಿಲ್ಲ, ಹಾಗೆಯೇ ಕಾಣುತ್ತದೆ.

ಸ್ವಲ್ಪ ಹೊತ್ತಿನ ಮೇಲೆ ತಾವೇ ಅಂದರು: “ಆದ್ರ ರವದಿ ಎಲ್ಲೈತಿ? ಸುಲದ ತೆನಿ ಹಿಡದಾಳ ಅಂದ್ರ ಬುಡದಾಗ ಒಂದೀಟರ ರವದಿ ಇರಬೇಕಲ್ಲ.”

ತೆನೆಯ ಹೊರಗಿನ ಸಿಪ್ಪೆಗೆ ನಮ್ಮ ಕಡೆ ರವದಿ ಅನ್ನುತ್ತಾರೆ. ಯಾವ ಪತ್ರಿಕೆಯ ಲೇಖನದ ಹೆಸರೂ ಗೊತ್ತಿಲ್ಲದ ಅಪ್ಪ ತನ್ನ ಕಣದಲ್ಲಿ ನಿಂತು ಗುಡಿಯ ಕೈ ಪರೀಕ್ಷೆ ಮಾಡುತ್ತಿದ್ದರು. ಆಗ ಮುಕ್ತಾಫಲದ ವಿಷಯ ಹೇಳಿದೆ, ಇಬ್ಬರು ಅಮೆರಿಕದವರ ಕತೆಯನ್ನೂ ಹೇಳಿದೆ. ಅಪ್ಪ ಮಧ್ಯೆ ಮಧ್ಯೆ “ಹೌದೇನು? ಹೆಂಗ?” ಎನ್ನುತ್ತ ಕೇಳಿದರು. ಅವ್ವ ಜಗುಲಿಯ ಮೇಲೆ ಕೂತು ಬುತ್ತಿ ಬಿಚ್ಚಿದ್ದಳು. ರೊಟ್ಟಿ, ಕೆಂಪು ಖಾರ.

ವಾಪಸು ಬರುವ ಬಸ್ಸಿನಲ್ಲಿ ಕಿಟಕಿಯ ಕಡೆ ನೋಡುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ ತಿರುಗಿ ಕೇಳಿದರು:

“ಅಲ್ಲವಾ, ನಾವು ಗೋವಿನಜೋಳ ಅಂತೀವಲ್ಲ, ಅದು ಆಕಳ ಗೋವೋ, ಗೋವಾದ ಗೋವೋ?”

ಬಸ್ಸು ಮೈಸೂರು ಮುಟ್ಟುವವರೆಗೆ ನಮಗೆ ಅದೇ ಮಾತಾಯಿತು.